ಹತ್ತೊಂಬತ್ತನೆಯ ಶತಮಾನದ ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಲ್ಲಿ ಸ್ತ್ರೀ-ಪುರುಷರ ಕಸುಬುಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಪ್ರದೇಶಗಳು ಇಂದು ವಿಜಯನಗರ ಜಿಲ್ಲೆಗೆ ಸೇರಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇವು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ಪಶ್ಚಿಮ ಭಾಗವಾಗಿದ್ದವು. ಆಗ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ತಾಲ್ಲೂಕು ಕೇಂದ್ರಗಳು. ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನ ದೊಡ್ಡ ಪೇಟೆ. ಹಗರಿಬೊಮ್ಮನಹಳ್ಳಿ ಎಂಬ ತಾಲ್ಲೂಕು ಇನ್ನೂ ಹುಟ್ಟಿರಲಿಲ್ಲ. ಪಶ್ಚಿಮಕ್ಕೆ ತುಂಗಭದ್ರೆ, ಆಚೆ ಧಾರವಾಡ ಸೀಮೆ. ದಕ್ಷಿಣಕ್ಕೆ ಮೈಸೂರು ಸಂಸ್ಥಾನದ ಚಿತ್ರದುರ್ಗ. ನದಿಯ ದಂಡೆಯ ಹಳ್ಳಿಗಳನ್ನು ಬಿಟ್ಟರೆ ಉಳಿದದ್ದೆಲ್ಲ ಮಳೆಯನ್ನೇ ನಂಬಿದ ಕೆಂಪು ಮಸಾರಿ ನೆಲ, ನಡುನಡುವೆ ಎರೆಭೂಮಿ. ಇಂಥ ನಾಡಿನಲ್ಲಿ ಒಂದು ಕುಟುಂಬ ಒಂದೇ ಕಸುಬಿನಿಂದ ವರ್ಷ ಕಳೆಯುವುದು ಅಪರೂಪವಾಗಿತ್ತು. ಆದರೆ ಸರ್ಕಾರಿ ದಾಖಲೆಗಳು ಒಬ್ಬ ಮನುಷ್ಯನಿಗೆ ಒಂದು ಕಸುಬನ್ನು ಮಾತ್ರ ಬರೆದುಕೊಂಡವು. ಹೆಂಗಸಿನ ವಿಷಯದಲ್ಲಿ ಎಷ್ಟೋ ವೇಳೆ ಅದನ್ನೂ ಬರೆದುಕೊಳ್ಳಲಿಲ್ಲ.

ಈ ಕೊರತೆ ಬಳ್ಳಾರಿಗಷ್ಟೇ ಸೀಮಿತವಾದುದಲ್ಲ. ಅದೇ ಶತಮಾನದ ಇಂಗ್ಲೆಂಡಿನ ಗ್ರಾಮೀಣ ಪ್ಯಾರಿಷ್‌ಗಳ ಕಸುಬುಗಳನ್ನು ಅಧ್ಯಯನ ಮಾಡಿದವರೂ ಇದೇ ತೊಡಕನ್ನು ಎದುರಿಸಿದ್ದಾರೆ. ಅಲ್ಲಿ 1851ರ ಜನಗಣತಿ 'ರೈತನ ಹೆಂಡತಿ' ಎಂಬುದನ್ನು ಒಂದು ಕಸುಬಾಗಿಯೇ ಎಣಿಸಿತು. 1881ರ ಹೊತ್ತಿಗೆ ಅದೇ ಹೆಣ್ಣುಮಕ್ಕಳು ಕಸುಬಿಲ್ಲದವರ ಪಟ್ಟಿಗೆ ಸೇರಿಹೋದರು. ಹೊಲದ ಕೆಲಸ ಬದಲಾಗಿರಲಿಲ್ಲ, ಬದಲಾದದ್ದು ಎಣಿಸುವವರ ವ್ಯಾಖ್ಯೆ. ಬೆಡ್‌ಫರ್ಡ್, ಬಕಿಂಗ್‌ಹ್ಯಾಮ್ ಸೀಮೆಗಳಲ್ಲಿ ಹುಲ್ಲಿನ ಜಡೆ ಹೆಣೆಯುವ, ಕಸೂತಿಪಟ್ಟಿ ನೇಯುವ ಹೆಂಗಸರಿಗೆ ಮಾತ್ರ ತಮ್ಮದೇ ಹೆಸರಿನಲ್ಲಿ ಕಸುಬು ಸಿಕ್ಕಿತು, ಏಕೆಂದರೆ ಅವರ ಸರಕನ್ನು ವ್ಯಾಪಾರಿ ಕೊಂಡು ಹಣ ಕೊಡುತ್ತಿದ್ದ. ಮನೆಯ ಕಣಜಕ್ಕೆ ಸೇರುವ ದುಡಿಮೆಗೆ ಆ ಮಾನ್ಯತೆ ಇರಲಿಲ್ಲ. ಭಾರತದಲ್ಲಿ 1891ರ ಗಣತಿಯು ದುಡಿಯುವವರನ್ನೂ ಅವರನ್ನು ಆಶ್ರಯಿಸಿದವರನ್ನೂ 'ಜೀವನೋಪಾಯ'ವೆಂಬ ಒಂದೇ ಶೀರ್ಷಿಕೆಯಡಿ ಕೂಡಿಸಿಬಿಟ್ಟಿತು. ಇವರಿಬ್ಬರನ್ನು ಬೇರ್ಪಡಿಸುವ ಪ್ರಯತ್ನ ನಡೆದುದು 1901ರ ಗಣತಿಯಲ್ಲಿ. ಆದ್ದರಿಂದ ಈ ಎರಡು ಗಣತಿಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೆಂಗಸರ ದುಡಿಮೆ ಹೆಚ್ಚಿತು ಅಥವಾ ಕುಗ್ಗಿತು ಎಂದು ತೀರ್ಮಾನಿಸುವುದು ಅಪಾಯಕರ.

ಈ ಭಾಗದ ಅಧ್ಯಯನಕ್ಕೆ ಒದಗುವ ಆಕರಗಳು ಕಡಿಮೆಯೇನಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತಮಂಡಲಗಳಿಗೆ ಥಾಮಸ್ ಮನ್ರೋ 1807ರವರೆಗೆ ಪ್ರಧಾನ ಕಲೆಕ್ಟರನಾಗಿದ್ದ. ಅವನ ಪತ್ರಗಳು ಮತ್ತು ವರದಿಗಳು, ಕರ್ನಲ್ ಮೆಕೆಂಜಿಯ ಸಹಾಯಕರು ಸಂಗ್ರಹಿಸಿದ ಕೈಫಿಯತ್ತುಗಳು, 1872ರಲ್ಲಿ ಜಾನ್ ಕೆಲ್ಸಾಲ್ ಸಿದ್ಧಪಡಿಸಿದ ಬಳ್ಳಾರಿ ಜಿಲ್ಲೆಯ ಕೈಪಿಡಿ, 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಹೊರತಂದ ಗೆಜೆಟಿಯರ್ ಇವು ಮುಖ್ಯವಾದವು. ಕೈಫಿಯತ್ತುಗಳು ಪಾಳೆಯಗಾರರ ವಂಶ, ಕೆರೆ, ಗುಡಿ, ಮಾನ್ಯಗಳ ವಿಷಯದಲ್ಲಿ ಉದಾರವಾಗಿವೆ. ಹೊಲ ಕಳೆತೆಗೆಯುವ ಕೈಗಳ ವಿಷಯದಲ್ಲಿ ಮೌನವಾಗಿವೆ. ವಿಚಿತ್ರವೆಂದರೆ, ಕಂದಾಯ ನಿಗದಿಗೆ ಬಂದ ಪರದೇಶದ ಅಧಿಕಾರಿಯೇ ಈ ಮೌನವನ್ನು ಒಂದೆಡೆ ಮುರಿದಿದ್ದಾನೆ.

ದತ್ತಮಂಡಲಗಳಲ್ಲಿ ನೇಗಿಲು ಹಿಡಿಯುವುದನ್ನು ಬಿಟ್ಟರೆ ಹೊಲದ ಬಹುಪಾಲು ಕೆಲಸ ಹೆಂಗಸರದೆಂಬುದನ್ನು ಮನ್ರೋ ಗಮನಿಸಿದ್ದ. ಕಂದಾಯದಲ್ಲಿ ರಿಯಾಯಿತಿ ಬೇಡುವ ರೈತನು ತನಗೆ ಹೆಂಡತಿಯಿಲ್ಲ, ಹೆಂಡತಿಯಿರುವವರಷ್ಟು ತೆರಿಗೆ ತಾನು ಹೇಗೆ ಕಟ್ಟಲಿ ಎಂದು ವಾದಿಸುತ್ತಿದ್ದನೆಂದೂ, ಆ ವಾದಕ್ಕೆ ಬೆಲೆಯಿತ್ತೆಂದೂ ಅವನ ಬರಹಗಳಿಂದ ತಿಳಿದುಬರುತ್ತದೆ. ಇದು ಸಣ್ಣ ಸಂಗತಿಯಲ್ಲ. ಪಟ್ಟಾ ಗಂಡಸಿನ ಹೆಸರಿನಲ್ಲಿದ್ದರೂ ಆ ಪಟ್ಟಾದ ಮೇಲಿನ ಕಂದಾಯವನ್ನು ಹುಟ್ಟಿಸುವ ಶಕ್ತಿಯಲ್ಲಿ ಹೆಣ್ಣಿನ ಪಾಲೆಷ್ಟು ಎಂಬುದು ಜಮಾಬಂದಿಯ ಕಟ್ಟೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಂಬತ್ತು ವರ್ಷಗಳ ಅನಂತರ ಗಣತಿಯ ಕೋಷ್ಟಕ ಅದನ್ನು ಮರೆತಿತು.

ಮುಂಗಾರಿನಲ್ಲಿ ಜೋಳ, ಸಜ್ಜೆ, ನವಣೆ. ಕೆಂಪು ನೆಲದಲ್ಲಿ ಹುರುಳಿ, ಹರಳು. ಎರೆಯಲ್ಲಿ ಹತ್ತಿ, ಕುಸುಬೆ, ಹಿಂಗಾರಿ ಜೋಳ ಇವು ಈ ಸೀಮೆಯ ಬೆಳೆಗಳು. ಇಂದು ಎಲ್ಲೆಡೆ ಕಾಣುವ ಶೇಂಗಾ ಹಬ್ಬಿದುದು ಇಪ್ಪತ್ತನೆಯ ಶತಮಾನದಲ್ಲಿ. ಉಳುಮೆ, ಕುಂಟೆ ಹೊಡೆಯುವುದು, ಕಪಿಲೆಯ ಎತ್ತುಗಳನ್ನು ಹಿಂದೆ ಮುಂದೆ ನಡೆಸುವುದು, ಬಣವೆ ಒಟ್ಟುವುದು ಗಂಡಸಿನ ಕೆಲಸ. ಬಿತ್ತನೆಯಲ್ಲಿ ಮಾತ್ರ ಇಬ್ಬರ ಕೈಗಳೂ ಒಂದೇ ಸಾಲಿನಲ್ಲಿ ನಡೆಯುತ್ತಿದ್ದವು. ಎತ್ತು ಹೊಡೆಯುವವನು ಗಂಡಸು. ಕೂರಿಗೆಯ ಬಟ್ಟಲಿಗೆ ಉಡಿಯಿಂದ ಕಾಳು ತೆಗೆದು ಒಂದೇ ಸಮನೆ ಬಿಡುವವಳು ಹೆಂಗಸು. ಅಕ್ಕಡಿ ಸಾಲಿಗೆಂದು ಹಿಂದೆ ಕಟ್ಟಿದ ಬಿದಿರಿನ ಸೆಡ್ಡೆಯನ್ನು ಹಿಡಿದು ಅದರಲ್ಲಿ ತೊಗರಿ, ಅವರೆ ಬಿಡುವವಳು ಮತ್ತೊಬ್ಬಳು. ಕಾಳು ದಟ್ಟವಾಗಿ ಬಿದ್ದರೆ ಪೈರು ಸೊರಗುತ್ತದೆ, ತೆಳುವಾದರೆ ಹೊಲ ಬೋಳಾಗುತ್ತದೆ. ಹೀಗೆ ವರ್ಷದ ಬೆಳೆಯ ಹದ ನಿಂತದ್ದು ಬಿತ್ತುವವಳ ಮುಷ್ಟಿಯ ಅಂದಾಜಿನ ಮೇಲೆ. ಮುಂದೆ ಕಳೆ ತೆಗೆಯುವುದು, ತೆನೆ ಮುರಿಯುವುದು, ಹತ್ತಿ ಬಿಡಿಸುವುದು, ಕಣದಲ್ಲಿ ಕೇರುವುದು ಎಲ್ಲವೂ ಹೆಂಗಸರದೇ. ಹತ್ತಿ ಬಿಡಿಸುವವರಿಗೆ ಬಿಡಿಸಿದ ಹತ್ತಿಯಲ್ಲೇ ಪಾಲು, ತೆನೆ ಮುರಿಯುವವರಿಗೆ ಕಾಳಿನಲ್ಲಿ ಕೂಲಿ. ದವಸದಲ್ಲಿ ಕೊಟ್ಟ ಈ ಕೂಲಿ ಲೆಕ್ಕದ ಪುಸ್ತಕಕ್ಕೆ ಬರುವುದೇ ಇಲ್ಲವಾದ್ದರಿಂದ ಅದರ ಮೊತ್ತವನ್ನು ಇಂದು ಹೇಳಲಾಗದು.

ಮನೆಯ ದುಡಿಮೆ ಮತ್ತು ಮಾರುಕಟ್ಟೆಯ ದುಡಿಮೆಗಳ ನಡುವಣ ಗೆರೆ ಎಷ್ಟು ಅಸ್ಪಷ್ಟವಾಗಿತ್ತೆಂಬುದಕ್ಕೆ ಕಂಬಳಿಯ ಕಸುಬು ಅತ್ಯುತ್ತಮ ನಿದರ್ಶನ. ಪಶ್ಚಿಮ ತಾಲ್ಲೂಕುಗಳ ಕುರುಬರು ನೇಯ್ದ ಕರಿಕಂಬಳಿಗಳು ಜಿಲ್ಲೆಯ ಹೊರಗೂ ಹೋಗುತ್ತಿದ್ದವು. ಕುರಿ ಕಾಯುವುದು, ಮಂದೆ ನಿಲ್ಲಿಸಿ ಹೊಲಕ್ಕೆ ಗೊಬ್ಬರ ಕೊಟ್ಟು ರೈತನಿಂದ ದವಸ ಪಡೆಯುವುದು, ಉಣ್ಣೆ ಕತ್ತರಿಸುವುದು, ಮಗ್ಗದ ಮುಂದೆ ಕೂಡುವುದು ಗಂಡಸರ ಪಾಲು. ಕತ್ತರಿಸಿದ ಉಣ್ಣೆಯನ್ನು ಹಸನು ಮಾಡಿ, ಹಿಂಜಿ, ಹಂಜಿ ಮಾಡಿ ರಾಟೆಯಲ್ಲಿ ನೂಲು ತೆಗೆಯುವುದು ಹೆಂಗಸರ ಪಾಲು. ಹಾಸಿನ ನೂಲಿಗೆ ಹುಣಸೆಬೀಜದ ಸರಿ ಹಾಕಿ ಬಿಗಿಗೊಳಿಸುತ್ತಿದ್ದರು. ಕೂಡ್ಲಿಗಿ ಸೀಮೆಯ ಹುಣಸೆತೋಪುಗಳ ಹಣ್ಣು ಸಂತೆಗೆ ಹೋದರೆ ಬೀಜ ಹೀಗೆ ಮಗ್ಗಕ್ಕೆ ಬಂತು. ಆ ಬೀಜ ಹುರಿದು, ಕುಟ್ಟಿ, ಬೇಯಿಸಿ ಸರಿ ಮಾಡುವುದೂ ಮನೆಯ ಒಲೆಯ ಮೇಲೆಯೇ.

ನೇಯುವುದಕ್ಕಿಂತ ನೂಲುವುದಕ್ಕೆ ಹೆಚ್ಚು ಹೊತ್ತು ಬೇಕು. ಒಂದು ಮಗ್ಗ ಬಿಡುವಿಲ್ಲದೆ ನಡೆಯಬೇಕಾದರೆ ಮನೆಯಲ್ಲಿ ಒಂದಕ್ಕಿಂತ ಹೆಚ್ಚು ರಾಟೆಗಳು ತಿರುಗಬೇಕು. ಆದುದರಿಂದ ಕುರುಬರ ಮನೆಯಲ್ಲಿ ಮುದುಕಿಯಿಂದ ಹಿಡಿದು ಹತ್ತು ವರ್ಷದ ಹುಡುಗಿಯವರೆಗೆ ನೂಲುವವರೇ. ಎಣಿಕೆಯವನು ಬಂದಾಗ ಮಗ್ಗದ ಮುಂದಿದ್ದವನು 'ಕಂಬಳಿ ನೇಯುವವನು' ಎಂದಾದ. ರಾಟೆಯ ಮುಂದಿದ್ದವರು ಅವನ ಮನೆಮಂದಿ ಎನಿಸಿದರು. ಸಂತೆಯಲ್ಲಿ ಕಂಬಳಿ ಮಾರಿ ಹಣ ಎಣಿಸಿಕೊಂಡವನೂ ಅವನೇ. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆ ಈ ವ್ಯಾಪಾರದ ದೊಡ್ಡ ಸ್ಥಳಗಳಲ್ಲೊಂದು. ಅಲ್ಲಿ ಕಾರಣಿಕ ನುಡಿಯುವ ಗೊರವಪ್ಪನ ಹೆಗಲ ಮೇಲಿನ ಕರಿಕಂಬಳಿಯನ್ನು ಸಹಸ್ರಾರು ಭಕ್ತರು ನೋಡುತ್ತಾರೆ. ಅದರ ನೂಲು ತೆಗೆದ ಕೈ ಯಾವುದೆಂದು ಕೇಳುವ ಪ್ರಸಂಗ ಜಾತ್ರೆಯಲ್ಲಿಯೂ ಬಾರದು, ಜಾನಪದ ಅಧ್ಯಯನಗಳಲ್ಲಿಯೂ ಬಂದುದು ಕಡಿಮೆ.

ಹತ್ತಿಯ ನೂಲಿನ ಗತಿ ಬೇರೆಯಾಯಿತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಬ್ರಾಹ್ಮಣರನ್ನು ಬಿಟ್ಟು ಉಳಿದೆಲ್ಲ ಜಾತಿಗಳ ಹೆಂಗಸರೂ ಹತ್ತಿ ನೂಲುತ್ತಿದ್ದುದನ್ನು ದಾಖಲಿಸಿದ್ದಾನೆ. ಗಡಿಯ ಈಚೆಗಿನ ಹರಪನಹಳ್ಳಿ, ಕೂಡ್ಲಿಗಿಗಳ ಸ್ಥಿತಿ ಇದಕ್ಕಿಂತ ಭಿನ್ನವಾಗಿರಲು ಕಾರಣವಿಲ್ಲ. ಕೈನೂಲು ಯಾವುದೇ ಒಂದು ಜಾತಿಯ ಕುಲಕಸುಬಾಗಿರಲಿಲ್ಲ. ವಿಧವೆಗೆ, ಮುದುಕಿಗೆ, ಬೇಸಗೆಯಲ್ಲಿ ಹೊಲದ ಕೆಲಸವಿಲ್ಲದ ಕೂಲಿಹೆಣ್ಣಿಗೆ ಕೈಗೆ ನಾಲ್ಕು ಕಾಸು ತರುವ ಮಾರ್ಗವಾಗಿತ್ತು. ಶತಮಾನದ ನಡುವಿನ ಹೊತ್ತಿಗೆ ವಿಲಾಯತಿಯ ಗಿರಣಿನೂಲು ಪೇಟೆಗೆ ಬಂದಾಗ ನೇಕಾರನಿಗೆ ಅದು ಅಗ್ಗವಾಗಿ, ಏಕರೂಪವಾಗಿ ಕಂಡಿತು. ಅವನ ಮಗ್ಗ ತಕ್ಷಣಕ್ಕೆ ಉಳಿಯಿತು, ಅವಳ ರಾಟೆ ಅಟ್ಟ ಸೇರಿತು. ದೇಶೀ ಕೈಗಾರಿಕೆಯ ಅವನತಿಯನ್ನು ಕುರಿತ ಚರ್ಚೆಗಳಲ್ಲಿ ಸಾಮಾನ್ಯವಾಗಿ ನೇಕಾರನೇ ಮುಖ್ಯಪಾತ್ರ. ಮೊದಲ ಪೆಟ್ಟು ಬಿದ್ದುದು ನೂಲುವವಳ ಮೇಲೆ ಎಂಬುದು ಒತ್ತಿ ಹೇಳಬೇಕಾದ ಸಂಗತಿ. ಮಗ್ಗಗಳ ಮೇಲೆ, ಗಾಣಗಳ ಮೇಲೆ, ಅಂಗಡಿಗಳ ಮೇಲೆ ಹೇರಿದ್ದ ಮೊಹತರ್ಫಾ ತೆರಿಗೆಯ ಲೆಕ್ಕಗಳು ಮಗ್ಗಗಳ ಏರಿಳಿತವನ್ನು ತೋರಿಸುತ್ತವೆ. ರಾಟೆಯ ಮೇಲೆ ತೆರಿಗೆಯಿಲ್ಲದ ಕಾರಣ ಅದರ ಅವಸಾನಕ್ಕೆ ಲೆಕ್ಕವೂ ಇಲ್ಲ. 1860ರ ದಶಕದ ಆರಂಭದಲ್ಲಿ ಮೊಹತರ್ಫಾ ರದ್ದಾದ ಮೇಲೆ ಮಗ್ಗಗಳ ಆ ಜಾಡೂ ಮಸುಕಾಗುತ್ತದೆ.

ಆಯಗಾರರ ವ್ಯವಸ್ಥೆಯಲ್ಲಿಯೂ ಇದೇ ಮಾದರಿ. ಬಡಿಗ, ಕಮ್ಮಾರ, ಅಗಸ, ಹಡಪದ, ಕುಂಬಾರ, ತಳವಾರ, ಮಾದಿಗ ಮೊದಲಾದವರು ಊರಿನ ಸೇವೆಗೆ ಪ್ರತಿಯಾಗಿ ಕಣದಲ್ಲಿ ಆಯ ಪಡೆಯುತ್ತಿದ್ದರು. ಆಯ ಮನೆತನಕ್ಕೆ, ಅದರ ಹೆಸರು ಯಜಮಾನನಿಗೆ. ಆದರೆ ಹೊಳೆಯ ಬಂಡೆಯ ಮೇಲೆ ಬಟ್ಟೆ ಸೆಳೆಯುವವರಲ್ಲಿ ಅರ್ಧ ಹೆಂಗಸರು. ಕುಂಬಾರನ ತಿಗರಿಯನ್ನು ಮುಟ್ಟದಿದ್ದರೂ ಮಣ್ಣು ತುಳಿದು ಹದಮಾಡುವವಳು ಅವನ ಹೆಂಡತಿ. ಸೂಲಗಿತ್ತಿಯ ಕಸುಬೊಂದೇ ಸಂಪೂರ್ಣ ಹೆಂಗಸಿನದಾಗಿ, ಅವಳ ಹೆಸರಿಗೇ ಮರದ ತುಂಬ ಕಾಳು, ಸೀರೆ, ಕುಪ್ಪಸದ ಕಣ ಸಲ್ಲುತ್ತಿದ್ದವು. ಮೇಲುವರ್ಗದ ಮನೆಗಳ ಹೆಂಗಸರಂತೂ ಕಸುಬಿನ ಕಲಂನಿಂದ ಪೂರ್ತಿಯಾಗಿ ಹೊರಗುಳಿದರು. ಹರಪನಹಳ್ಳಿಯ ಭೀಮವ್ವ (1823-1903) ನೂರಾರು ದೇವರನಾಮಗಳನ್ನು ರಚಿಸಿದ ಹರಿದಾಸ ಕವಯಿತ್ರಿ. ಅವರ ಜೀವಿತಕಾಲದಲ್ಲಿ ನಡೆದ ಗಣತಿಗಳ ದೃಷ್ಟಿಯಲ್ಲಿ ಅದು ಯಾವ ಶೀರ್ಷಿಕೆಗೂ ಒಗ್ಗದ ಕೆಲಸ.

ಪಾಳೆಯಪಟ್ಟುಗಳು ಅಳಿದದ್ದು ಗಂಡಸರ ಕಸುಬಿನಲ್ಲಿ ಆದ ಅತಿ ದೊಡ್ಡ ಪಲ್ಲಟ. ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳ ಪಾಳೆಯಗಾರರ ಸೈನ್ಯದ ಬೆನ್ನೆಲುಬು ಬೇಡರು. ಮನ್ರೋ ಪಾಳೆಯಗಾರರನ್ನು ನಿವೃತ್ತಿವೇತನಕ್ಕೆ ಇಳಿಸಿ ಕಟ್ಟುಬಡಿ ಬಂಟರನ್ನು ಚದುರಿಸಿದ ಮೇಲೆ ಕತ್ತಿಯ ಕಸುಬು ಮುಗಿಯಿತು. ಹಲವರು ಮಾನ್ಯದ ತುಂಡುಭೂಮಿಯಲ್ಲಿ ಉಳುಮೆಗಿಳಿದರು, ಕೆಲವರು ಊರಕಾವಲಿಗೆ ನಿಂತರು. ಗಂಡಸು ಬಂಟನಾಗಿದ್ದಾಗಲೂ ಮಾನ್ಯದ ಹೊಲವನ್ನು ನೋಡಿಕೊಂಡಿದ್ದವಳು ಮನೆಯ ಹೆಂಗಸೇ ಎಂಬುದನ್ನು ನೆನೆದರೆ, ಈ ಪಲ್ಲಟದಲ್ಲಿ ಹೊಸದಾಗಿ ರೈತರಾದವರು ಗಂಡಸರು ಮಾತ್ರ.

ಬೇಡ, ಮಾದಿಗ ಮೊದಲಾದ ಸಮುದಾಯಗಳಲ್ಲಿದ್ದ ಬಸವಿ ಪದ್ಧತಿ ಈ ವಿಷಯದ ಅತ್ಯಂತ ಜಟಿಲವಾದ ಭಾಗ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಒಬ್ಬ ಮಗಳನ್ನು ದೇವರಿಗೆ ಬಿಟ್ಟು ತವರಿನಲ್ಲೇ ಉಳಿಸಿಕೊಳ್ಳುತ್ತಿದ್ದರು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಉಚ್ಚಂಗೆಮ್ಮನ ಸನ್ನಿಧಿ ಇಂಥ ಹರಕೆಗಳಿಗೆ ಹೆಸರಾದುದು. ಮದರಾಸು ಪೊಲೀಸ್ ಇಲಾಖೆಯ ಅಧಿಕಾರಿ ಎಫ್. ಫಾಸೆಟ್ 1890ರ ದಶಕದ ಆರಂಭದಲ್ಲಿ ಮುಂಬಯಿಯ ಮಾನವಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಈ ಪದ್ಧತಿಯನ್ನು ಕುರಿತು ಬರೆದ ಪ್ರಬಂಧ, ದೇವರಿಗೆ ಅರ್ಪಿತಳಾಗುವ ಮೂಲಕ ಹೆಣ್ಣು ಗಂಡಿನ ಹಕ್ಕುಗಳನ್ನು ಪಡೆಯುತ್ತಾಳೆಂಬುದನ್ನು ಶೀರ್ಷಿಕೆಯಲ್ಲಿಯೇ ಹೇಳುತ್ತದೆ. ಬಸವಿಗೆ ತಂದೆಯ ಆಸ್ತಿಯಲ್ಲಿ ಮಗನಂತೆ ಪಾಲು. ತಂದೆತಾಯಿಯರ ಉತ್ತರಕ್ರಿಯೆ ಮಾಡುವ ಅಧಿಕಾರ. ಅವಳ ಮಕ್ಕಳಿಗೆ ಅವಳ ತವರಿನ ಬೆಡಗು. ಅಂದರೆ ಆ ಮನೆಯ ಬೇಸಾಯದ ಯಜಮಾನಿಕೆ ಅವಳದು. ವ್ಯವಸಾಯಗಾರ್ತಿ ಎಂಬ ಹೆಸರಿಗೆ ಸಂಪ್ರದಾಯದ ಒಪ್ಪಿಗೆಯೊಂದಿಗೆ ಪೂರ್ಣ ಅರ್ಹಳಾದ ಹೆಣ್ಣು ಬಹುಶಃ ಇವಳೊಬ್ಬಳೇ.

ಆದರೆ ಗಣತಿದಾರನೂ ನ್ಯಾಯಾಲಯವೂ ಅವಳನ್ನು ಬೇರೆ ಕಣ್ಣಿನಿಂದ ನೋಡಿದವು. ಭಾರತೀಯ ದಂಡಸಂಹಿತೆಯ 372 ಮತ್ತು 373ನೆಯ ಕಲಮುಗಳಡಿ ಅಪ್ರಾಪ್ತ ಬಾಲಕಿಯರನ್ನು ದೇವರಿಗೆ ಬಿಡುವುದು ವೇಶ್ಯಾವೃತ್ತಿಗೆ ಒಪ್ಪಿಸಿದ ಅಪರಾಧವಾಗಬಹುದಿತ್ತು. ಈ ಎರಡೂ ನೋಟಗಳಲ್ಲಿ ಸತ್ಯಾಂಶವಿದೆ. ಹಕ್ಕಿನ ಹೆಸರಿನಲ್ಲಿ ಆರಂಭವಾದುದು ಬಡತನ, ಜಾತಿ ಮತ್ತು ಬಲಾಢ್ಯರ ಕಾಮನೆಗಳ ಒತ್ತಡದಲ್ಲಿ ಶೋಷಣೆಯಾಗಿ ಗಟ್ಟಿಗೊಂಡಿತು. ಆಸ್ತಿಯೇ ಇಲ್ಲದ ಮನೆಯ ಬಸವಿಗೆ ಆಸ್ತಿಹಕ್ಕಿನಿಂದ ಬಂದುದೇನೂ ಇಲ್ಲ. ಕರ್ನಾಟಕದಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ಬಂದುದು 1982ರಲ್ಲಿ, ಮತ್ತು ಅದರ ಅನಂತರದ ಪುನರ್ವಸತಿ ಕಾರ್ಯದಲ್ಲಿ ಈ ಐದು ಸ್ಥಳಗಳ ಹೆಸರುಗಳು ಮತ್ತೆ ಮತ್ತೆ ಕೇಳಿಬಂದವು. ಹತ್ತೊಂಬತ್ತನೆಯ ಶತಮಾನದ ಬಸವಿಯನ್ನು ಕೇವಲ ಹಕ್ಕುದಾರಳೆಂದಾಗಲಿ, ಕೇವಲ ಬಲಿಪಶುವೆಂದಾಗಲಿ ಚಿತ್ರಿಸುವ ಬರಹಗಳು ಹೊಲದಲ್ಲಿ ಅವಳು ದುಡಿದುದನ್ನು ಮಾತ್ರ ಸಮಾನವಾಗಿ ಮರೆತಿವೆ.

ಮಣ್ಣಿನ ಕೆಲಸ ವಡ್ಡರದೂ ಉಪ್ಪಾರರದೂ ಆಗಿತ್ತು. ಗಂಡಸು ಅಗೆದರೆ ಹೆಂಗಸು ಬುಟ್ಟಿ ಹೊರುವುದು ರೂಢಿ. ಕೂಲಿ ಅಗೆದ ಗುಂಡಿಯ ಅಳತೆಯ ಮೇಲೆ ಸಲ್ಲುತ್ತಿದ್ದುದರಿಂದ ಅದು ದಂಪತಿಗಳ ಜಂಟಿ ಸಂಪಾದನೆ. ಉಪ್ಪಾರರು ಚೌಳುಮಣ್ಣಿನಿಂದ ಉಪ್ಪು ತೆಗೆಯುವ ಹಳೆಯ ಕಸುಬನ್ನೂ ನಡೆಸುತ್ತಿದ್ದರು. ಉಪ್ಪಿನ ಮೇಲಿನ ಸುಂಕವನ್ನು ರಕ್ಷಿಸಲು ಸರ್ಕಾರ ಶತಮಾನದ ಕೊನೆಯ ದಶಕಗಳಲ್ಲಿ ಅದನ್ನು ಅಡಗಿಸಿತು. ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿ, ಕೊಂಗನಹೊಸೂರುಗಳ ಹಳ್ಳಗಳಲ್ಲಿ ಮಳೆಯ ಅನಂತರ ಜಾಲಗಾರರು ಮರಳು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದರು. 1895ರಲ್ಲಿ ಪ್ರಕಟವಾದ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಕುರಿತ ಗ್ರಂಥವನ್ನು ಬರೆದ ರಾಬರ್ಟ್ ಬ್ರೂಸ್ ಫೂಟ್ ಈ ನೆಲವನ್ನು ಕುತೂಹಲದಿಂದ ಪರಿಶೀಲಿಸಿದ್ದಾನೆ. ಚಿನ್ನವೆಂಬ ಹೆಸರು ದೊಡ್ಡದು, ಗಳಿಕೆ ಮಾತ್ರ ಅಲ್ಪ.

1876ರಲ್ಲಿ ಮಳೆ ಕೈಕೊಟ್ಟಾಗ ಈ ಎಲ್ಲ ಕಸುಬುಗಳೂ ಒಮ್ಮೆಗೇ ಒಂದೇ ಕಸುಬಾಗಿ ಕುಸಿದವು. ನೇಕಾರ, ಕುರುಬ, ಕೂಲಿಕಾರ, ಸಣ್ಣರೈತ ಎಲ್ಲರೂ ಪರಿಹಾರ ಕಾಮಗಾರಿಯ ಕಲ್ಲು ಒಡೆಯುವವರಾದರು, ಮಣ್ಣು ಹೊರುವವರಾದರು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಜಾರಿಗೆ ತಂದ ಕೂಲಿಯ ದರದಲ್ಲಿ ಗಂಡಸಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಅರ್ಧ ಆಣೆ. ಹೆಂಗಸಿಗೆ ಅದಕ್ಕಿಂತ ಕಡಿಮೆ. ಗುಂಡಿಯ ಅಳತೆಯಲ್ಲಿ ಗಂಡಹೆಂಡಿರ ದುಡಿಮೆ ಬೇರ್ಪಡದಿದ್ದ ವಡ್ಡರ ಪದ್ಧತಿಗೆ ಹೋಲಿಸಿದರೆ, ತಲೆಗೊಂದು ದರ ಕಟ್ಟಿ ಹೆಣ್ಣಿನ ಹೊಟ್ಟೆ ಚಿಕ್ಕದೆಂದು ಲೆಕ್ಕ ಹಾಕಿದ ಈ ಕ್ರಮ ಹೊಸದು. ಆ ಕೂಲಿ ಪ್ರಾಣ ಹಿಡಿಯಲು ಸಾಲದೆಂದು ಪ್ರತಿಭಟಿಸಿದವನು ಮದರಾಸಿನ ಸ್ಯಾನಿಟರಿ ಕಮಿಷನರ್ ಡಾ. ಡಬ್ಲ್ಯು. ಆರ್. ಕಾರ್ನಿಷ್, ಅಂದರೆ 1871ರ ಮದರಾಸು ಗಣತಿಯ ವರದಿಯನ್ನು ಬರೆದವನೇ. ಅದೇ ವರ್ಷದ ನಡುವೆ ದರವನ್ನು ಏರಿಸಲಾಯಿತು. 1881ರ ಗಣತಿಯಲ್ಲಿ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 1871ಕ್ಕಿಂತ ಸುಮಾರು ಐದನೆಯ ಒಂದು ಪಾಲು ಕುಗ್ಗಿತ್ತು. ಆ ಗಣತಿಯ ಕಸುಬಿನ ಕೋಷ್ಟಕಗಳನ್ನು ಓದುವಾಗ ಅದು ಸಹಜ ಸ್ಥಿತಿಯ ಸಮಾಜದ ಚಿತ್ರವಲ್ಲ, ಬರದಿಂದ ಎದ್ದು ಕುಳಿತವರ ಚಿತ್ರ ಎಂಬುದನ್ನು ನೆನಪಿಡಬೇಕು.

ಸಾಗಣೆಯ ಕಸುಬು ಲಂಬಾಣಿಗರದು ಮತ್ತು ಕೊರಚರದು. ಲಂಬಾಣಿಗರ ಹೇರೆತ್ತುಗಳ ಸಾಲು ಧಾನ್ಯ, ಉಪ್ಪು, ಹತ್ತಿಗಳನ್ನು ಘಟ್ಟ ದಾಟಿಸುತ್ತಿತ್ತು. ತಾಂಡಾ ಸಮೇತ ಸಾಗುವ ಈ ವ್ಯಾಪಾರದಲ್ಲಿ ಹೆಂಗಸರು ಎತ್ತು ಕಾಯುವುದರಿಂದ ಹಿಡಿದು ಹೇರು ಹೊರಿಸುವವರೆಗೆ ಸಮಪಾಲು ಪಡೆದಿದ್ದರು. ಕೊರಚರಲ್ಲಿ ಗಂಡಸರು ಎತ್ತು, ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಊರೂರು ತಿರುಗಿದರೆ ಹೆಂಗಸರು ಈಚಲುಗರಿಯ ಚಾಪೆ, ಬುಟ್ಟಿ ಹೆಣೆದು ಮಾರುತ್ತಿದ್ದರು, ಹಚ್ಚೆ ಹಾಕುತ್ತಿದ್ದರು, ಕಣಿ ಹೇಳುತ್ತಿದ್ದರು. ಅವಳ ಗಳಿಕೆ ಅವಳ ಕೈಗೇ ಬರುತ್ತಿತ್ತು. ರಸ್ತೆಗಳಾದವು, ಬಂಡಿಗಳು ಹೆಚ್ಚಿದವು. 1884ರಲ್ಲಿ ಬಳ್ಳಾರಿಯಿಂದ ಹೊಸಪೇಟೆಗೆ, 1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ರೈಲು ಬಂತು. ಕೊಟ್ಟೂರಿನ ವರ್ತಕನಿಗೆ ಇದು ಭಾಗ್ಯ. ಹೇರೆತ್ತಿನವರಿಗೆ ಹೊಲದ ಕೂಲಿಯೋ ಕಾಡಿನ ಸೌದೆಯೋ ಗತಿಯಾಯಿತು. ತಲೆಹೊರೆ ಸೌದೆಯನ್ನು ಪೇಟೆಗೆ ತಂದವರು ಬಹುತೇಕ ಲಂಬಾಣಿ ಹೆಂಗಸರು.

ಕೊರಚರ ಪಾಲಿಗೆ ಬಂದುದು ಇನ್ನೂ ಕಠಿಣ. ಉತ್ತರ ಭಾರತಕ್ಕೆಂದು 1871ರಲ್ಲಿ ರೂಪುಗೊಂಡ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು 1911ರಲ್ಲಿ ಮದರಾಸು ಪ್ರಾಂತ್ಯಕ್ಕೂ ವಿಸ್ತರಿಸಲಾಯಿತು. ಅದರಂತೆ ಘೋಷಿತರಾದವರಲ್ಲಿ ಕೊರಚ, ಕೊರವ ಗುಂಪುಗಳೂ ಸೇರಿದವು. ಉಪ್ಪಿನ ಹೇರು ಹೊತ್ತು ಸಂತೆಯಿಂದ ಸಂತೆಗೆ ಹೋಗುತ್ತಿದ್ದವನ ತಿರುಗಾಟವೇ ಸಂದೇಹಕ್ಕೆ ಆಸ್ಪದವಾಯಿತು. ಕಣಿ ಹೇಳಲು ಮನೆಬಾಗಿಲಿಗೆ ಬರುವ ಅವನ ಹೆಂಡತಿಯನ್ನು ಕನ್ನಕ್ಕೆ ಮನೆ ನೋಡಿಹೋಗುವವಳೆಂದು ಪೊಲೀಸ್ ಕೈಪಿಡಿಗಳು ಬರೆದವು. ಗಣತಿಯ ಪಟ್ಟಿಗಳಲ್ಲಿ ಕಸುಬಿನ ಕಲಂ ಖಾಲಿ ಬಿಡಲ್ಪಟ್ಟಿದ್ದ ಎಷ್ಟೋ ಹೆಂಗಸರ ನಡುವೆ, ಕೊರಚರ ಹೆಂಗಸಿಗೆ ಸರ್ಕಾರ ಹೀಗೊಂದು ಕಸುಬನ್ನು ತಾನಾಗಿಯೇ ಬರೆದುಕೊಟ್ಟಿತು. ಕಾಯ್ದೆ ದೇಶಾದ್ಯಂತ ರದ್ದಾದುದು 1952ರಲ್ಲಿ.